ಟ್ರೇಲರ್ ಜೋಡಿಸಿದಾಗ ಮಾತ್ರ ವ್ಯಾನಿನ ಲೈಟ್‌ಗಳು ತಪ್ಪುತಪ್ಪಾಗಿ ಉರಿಯುತ್ತಿವೆ: ದೋಷ ಎಲ್ಲಿರಬಹುದು?

ದೋಸೆಗಾಡಿ, ಲೆಸ್ಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ವಾರಾಂತ್ಯದ ಸಂತೆಗಳಲ್ಲಿಯೂ ಇಲ್ಲಿನ ಕನ್ನಡ ಕೂಟಗಳ ಕಾರ್ಯಕ್ರಮಗಳಲ್ಲಿಯೂ ದೋಸೆ, ಇಡ್ಲಿ ಮಾರುತ್ತೇನೆ. ಸಾಮಾನ್ಯ ಕಾರ್ ಲೈಸೆನ್ಸ್ ಇರುವವರೂ 3,500 ಕೆ.ಜಿ. ವರೆಗಿನ ಟ್ರೇಲರ್ ಎಳೆಯಬಹುದೆಂದು 2021ರ ಡಿಸೆಂಬರಿನಲ್ಲಿ ನಿಯಮ ಬದಲಾದ್ದರಿಂದ, ಕಾವಲಿ, ಗ್ಯಾಸ್ ಒಲೆ, ಮೇಜುಗಳನ್ನೆಲ್ಲ ಸಾಗಿಸಲು ಮುಚ್ಚಿಗೆಯುಳ್ಳ ಹಳೆಯ ಟ್ರೇಲರ್ ಒಂದನ್ನು ಕೊಂಡಿದ್ದೇನೆ. ವ್ಯಾನ್ 2005ರ ಮಾದರಿಯದು. ಅದರ 7 ಪಿನ್ ಸಾಕೆಟ್ಟಿನ ವೈರ್‌ಗಳನ್ನು ಹಿಂದಿನ ಮಾಲೀಕರು ವ್ಯಾನಿನ ಹಿಂಬದಿ ಲೈಟ್‌ಗಳ ವೈರ್‌ಗಳಿಗೇ ನೇರವಾಗಿ ಸೇರಿಸಿದ್ದಾರೆ.

ಟ್ರೇಲರ್ ಇಲ್ಲದಿರುವಾಗ ಎಲ್ಲವೂ ಸರಿಯಾಗಿದೆ. ಪ್ಲಗ್ ಸಿಕ್ಕಿಸಿದ ಮೇಲೆ ಎಡಗಡೆಯ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಎಡ ದೀಪ ಮಂಕಾಗಿ ಮಿಣುಕುತ್ತದೆ, ಅದರೊಂದಿಗೆ ಬ್ರೇಕ್ ಲೈಟ್‌ಗಳೂ ಸಣ್ಣಗೆ ಮಿಣುಕುತ್ತವೆ. ಅದೇ ಹೊತ್ತಿಗೆ ಬ್ರೇಕ್ ಒತ್ತಿದರೆ ಇಂಡಿಕೇಟರ್ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಗಲಿನಲ್ಲಿ, ಹೆಡ್‌ಲೈಟ್ ಸ್ವಿಚ್ ಆರಿಸಿರುವಾಗಲೂ ಬ್ರೇಕ್ ಒತ್ತಿದೊಡನೆ ಡ್ಯಾಶ್‌ಬೋರ್ಡಿನ ಒಳಬೆಳಕು ಕ್ಷೀಣವಾಗಿ ಹೊತ್ತಿಕೊಳ್ಳುವುದು ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಎರಡು ಹಸಿರು ಬಾಣಗಳಲ್ಲದೆ ಟ್ರೇಲರಿನ ಚಿತ್ರವಿರುವ ಇನ್ನೊಂದು ಹಸಿರು ದೀಪವಿದೆ. ಅದು ಮಿಣುಕುವುದೇ ಇಲ್ಲ.

ಬಲ್ಬ್‌ಗಳನ್ನು ಬದಲಾಯಿಸಿಯಾಯಿತು. ಫ್ಯೂಸ್‌ಗಳು ಸರಿಯಾಗಿವೆ. ಹತ್ತಿರದ ಗ್ಯಾರೇಜೊಂದರಲ್ಲಿ ಇಂಡಿಕೇಟರನ್ನು ಮಿಣುಕಿಸುವ ಫ್ಲಾಷರ್ ರಿಲೇಯನ್ನೂ, ವ್ಯಾನಿನ ವೈರಿಂಗಿನ ಒಂದು ಭಾಗವನ್ನೂ ಪೂರ್ತಿ ಬದಲಿಸಬೇಕೆಂದು ಹೇಳಿದ್ದಾರೆ. ಅಷ್ಟು ಹಣ ಹಾಕುವ ಮುನ್ನ ತಿಳಿದವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ.

ತುಂಗಾತೀರ, ಕವೆಂಟ್ರಿ

ನಮಸ್ಕಾರ. ದಯವಿಟ್ಟು ರಿಲೇಗೆ ಈಗಲೇ ಹಣ ಹಾಕಬೇಡಿ. ನೀವು ಬರೆದಿರುವ ಮೂರೂ ಲಕ್ಷಣಗಳು ಒಂದೇ ದೋಷವನ್ನು ತೋರಿಸುತ್ತಿವೆ. ಟ್ರೇಲರಿನಿಂದ ವ್ಯಾನಿಗೆ ಕರೆಂಟ್ ಹಿಂತಿರುಗಬೇಕಾದ ಅರ್ತ್ ವೈರ್, ಅಂದರೆ 3ನೇ ಪಿನ್ನಿನ ಬಿಳಿ ವೈರ್, ಎಲ್ಲೋ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ.

ನಿಮ್ಮ ಸಾಕೆಟ್ ಇಲ್ಲಿ 12ಎನ್ ಎಂದು ಕರೆಯುವ ಬಗೆಯದು. ಅದರಲ್ಲಿ 1ನೇ ಪಿನ್ ಎಡ ಇಂಡಿಕೇಟರ್ (ಹಳದಿ), 2 ಹಿಂಬದಿಯ ಫಾಗ್ ಲೈಟ್, ಅಂದರೆ ಮಂಜಿನಲ್ಲಿ ಹಾಕುವ ಕೆಂಪು ದೀಪ (ನೀಲಿ), 3 ಅರ್ತ್ (ಬಿಳಿ), 4 ಬಲ ಇಂಡಿಕೇಟರ್ (ಹಸಿರು), 5 ಬಲ ಟೇಲ್ ಲೈಟ್ (ಕಂದು), 6 ಬ್ರೇಕ್ ಲೈಟ್ (ಕೆಂಪು), 7 ಎಡ ಟೇಲ್ ಲೈಟ್ (ಕಪ್ಪು). ಅಂದರೆ ಆರು ವೈರ್‌ಗಳಲ್ಲಿ ಹೋದ ಕರೆಂಟೆಲ್ಲ ಹಿಂತಿರುಗಬೇಕಾದದ್ದು ಒಂದೇ ವೈರಿನಲ್ಲಿ. ಲೆಕ್ಕ ಹಾಕಿ ನೋಡಿ: 21 ವ್ಯಾಟಿನ ಒಂದು ಬಲ್ಬ್ 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ರಾತ್ರಿ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಎರಡು ಬ್ರೇಕ್ ಲೈಟ್, ಒಂದು ಇಂಡಿಕೇಟರ್, ಎರಡು ಟೇಲ್ ಲೈಟ್, ನಂಬರ್ ಪ್ಲೇಟಿನ ದೀಪ ಎಲ್ಲವೂ ಸೇರಿ ಆರೂವರೆ ಆಂಪಿಯರ್ ಆಗುತ್ತದೆ. ಆ ಒಂದು ಬಿಳಿ ವೈರಿನ ಜೋಡಣೆಯಲ್ಲಿ ಅರ್ಧ ಓಮ್‌ನಷ್ಟು ತಡೆ ಉಂಟಾದರೂ ಮೂರು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬಲ್ಬಿಗೆ ಸಿಗುವುದು ಉಳಿದದ್ದಷ್ಟೇ.

ಇನ್ನು ದೀಪಗಳ ವಿಚಿತ್ರ ವರ್ತನೆ. ಕಾಲುವೆ ಕಟ್ಟಿಕೊಂಡಾಗ ನೀರು ಬದು ದಾಟಿ ಪಕ್ಕದ ಗದ್ದೆಗೆ ನುಗ್ಗುವ ಹಾಗೆ, ನೇರ ದಾರಿ ಮುಚ್ಚಿದ ಕರೆಂಟ್ ಬೇರೆ ಬಲ್ಬ್‌ಗಳ ಮೂಲಕ ಹಿಮ್ಮುಖವಾಗಿ ಹರಿಯುತ್ತದೆ. ಎಡ ಇಂಡಿಕೇಟರಿನ ಬಲ್ಬನ್ನು ದಾಟಿದ ಕರೆಂಟ್ ಟ್ರೇಲರಿನ ಅರ್ತ್ ಕೂಡುವ ಜಾಗಕ್ಕೆ ಬರುತ್ತದೆ. 3ನೇ ಪಿನ್ನಿನಲ್ಲಿ ಸರಾಗವಾಗಿ ಹೊರಹೋಗಲು ಆಗದ್ದರಿಂದ ಟ್ರೇಲರಿನ ಬ್ರೇಕ್ ಲೈಟಿನ ಫಿಲಮೆಂಟಿನೊಳಗೆ ಹಿಂದಿನಿಂದ ನುಗ್ಗಿ, 6ನೇ ಪಿನ್ನಿನ ಮೂಲಕ ವ್ಯಾನಿಗೆ ಬಂದು, ವ್ಯಾನಿನ ಬ್ರೇಕ್ ಲೈಟನ್ನು ಹಾದು ಅರ್ತ್ ಸೇರುತ್ತದೆ. ಆದ್ದರಿಂದಲೇ ಬ್ರೇಕ್ ಲೈಟ್‌ಗಳು ಇಂಡಿಕೇಟರಿನ ಜೊತೆಯಲ್ಲಿ ಮಿಣುಕುತ್ತವೆ. ಆಗ ನೀವು ಬ್ರೇಕ್ ಒತ್ತಿದರೆ 6ನೇ ಪಿನ್ನಿಗೂ 12 ವೋಲ್ಟ್ ಬರುತ್ತದೆ. ಎರಡೂ ತುದಿಗಳಲ್ಲಿ ಒಂದೇ ಒತ್ತಡವಿರುವಾಗ ಆ ಕಳ್ಳದಾರಿಯೂ ಮುಚ್ಚಿಕೊಳ್ಳುತ್ತದೆ, ಇಂಡಿಕೇಟರ್ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಒಳಬೆಳಕಿನದೂ ಇದೇ ಕಥೆ: ಬ್ರೇಕ್ ಲೈಟಿನ ಕರೆಂಟ್ ಟೇಲ್ ಲೈಟಿನ ವೈರ್ ಹಿಡಿದು ವ್ಯಾನಿಗೆ ಹಿಂತಿರುಗುತ್ತಿದೆ, ಡ್ಯಾಶ್‌ಬೋರ್ಡಿನ ಬಲ್ಬ್‌ಗಳು ಅದೇ ವೈರಿಗೆ ಸೇರಿವೆ. ರಿಲೇ ಕೆಟ್ಟಿದ್ದರೆ ಒಳಬೆಳಕು ಹೊತ್ತಿಕೊಳ್ಳಲು ಯಾವ ಕಾರಣವೂ ಇರುತ್ತಿರಲಿಲ್ಲ.

ಟ್ರೇಲರಿನ ಚಿತ್ರವಿರುವ ಹಸಿರು ದೀಪದ ಬಗ್ಗೆ ಒಂದು ಮಾತು. ಹಿಂದೆ ದೀಪ ಬೆಳಗುತ್ತಿದೆಯೇ ಎಂಬುದನ್ನು ಅದು ನೋಡುವುದಿಲ್ಲ. ಟ್ರೇಲರಿನ ಇಂಡಿಕೇಟರ್ ಬಲ್ಬ್ ಎಳೆಯಬೇಕಾದಷ್ಟು ಹೆಚ್ಚುವರಿ ಕರೆಂಟ್ ಹರಿಯುತ್ತಿದೆಯೇ ಎಂದು ಫ್ಲಾಷರ್ ರಿಲೇ ಅಳೆಯುತ್ತದೆ, ಹರಿದರೆ ಮಾತ್ರ ಆ ದೀಪವನ್ನು ಮಿಣುಕಿಸುತ್ತದೆ. ಕಳ್ಳದಾರಿಯಲ್ಲಿ ಹರಿಯುವ ಕರೆಂಟ್ ಕಡಿಮೆಯಾದ್ದರಿಂದ ಅದು ಸುಮ್ಮನಿದೆ. ನಿಮ್ಮ ರಿಲೇ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಟ್ರೇಲರ್ ಜೋಡಿಸಿ, ಟೇಲ್ ಲೈಟ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ. ಮೀಟರಿನ ಒಂದು ಕಡ್ಡಿಯನ್ನು ಟ್ರೇಲರಿನ ದೀಪದ ಅರ್ತ್ ತುದಿಗೂ, ಇನ್ನೊಂದನ್ನು ಉದ್ದನೆಯ ವೈರಿನ ಸಹಾಯದಿಂದ ವ್ಯಾನಿನ ಬ್ಯಾಟರಿಯ ಮೈನಸ್ ತುದಿಗೂ ಮುಟ್ಟಿಸಿ. ಅರ್ಧ ವೋಲ್ಟಿನೊಳಗೆ ಇದ್ದರೆ ನನ್ನ ಊಹೆ ಸುಳ್ಳು. ಅದಕ್ಕಿಂತ ಹೆಚ್ಚಿದ್ದರೆ ಸಾಕೆಟ್ಟಿನ 3ನೇ ಪಿನ್ನಿನ ಹಿಂಭಾಗದಲ್ಲಿ ಮತ್ತೊಮ್ಮೆ ಅಳೆಯಿರಿ; ಅಲ್ಲಿ ಕಡಿಮೆ ಬಂದರೆ ದೋಷ ಪ್ಲಗ್ಗಿನಿಂದ ಆಚೆ ಟ್ರೇಲರಿನ ಕಡೆಗಿದೆ, ಅಲ್ಲಿಯೂ ಹೆಚ್ಚು ಬಂದರೆ ವ್ಯಾನಿನ ಕಡೆಗಿದೆ.

ಉಣಕಲ್, ಹುಬ್ಬಳ್ಳಿ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹುಬ್ಬಳ್ಳಿಯಲ್ಲಿ ಆಟೊ ಎಲೆಕ್ಟ್ರಿಷಿಯನ್. ನಮ್ಮಲ್ಲಿ ವ್ಯಾನ್ ಹಿಂದೆ ಟ್ರೇಲರ್ ಕಟ್ಟುವವರು ಅಪರೂಪ, ಆದರೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಇದೇ ದೋಷ ಪದೇ ಪದೇ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಹೋಗುವ ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೇ ಉರಿಯುವುದಿಲ್ಲ. ಬಿಚ್ಚಿ ನೋಡಿದರೆ ಬಲ್ಬ್ ಚೆನ್ನಾಗಿರುತ್ತದೆ, ಅರ್ತ್ ಇರುವುದಿಲ್ಲ. ಹಿಂದಿನಿಂದ ಬರುವ ಬೈಕಿನವನಿಗೆ ಆ ಒಂದು ವೈರ್ ಜೀವದ ಪ್ರಶ್ನೆ ಎಂಬುದನ್ನು ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ.

ಕೆಲಸ ಮಾಡುವವನಾಗಿ ಎರಡು ಮಾತು ಸೇರಿಸುತ್ತೇನೆ. ಕೊಂಡಿಯ ಕಬ್ಬಿಣದ ಮೂಲಕವೂ ಒಂದಿಷ್ಟು ಅರ್ತ್ ಸಿಗುತ್ತದೆ. ಆದ್ದರಿಂದ ಗಾಡಿ ಎಳೆತದಲ್ಲಿರುವಾಗ ದೀಪಗಳು ಚೆನ್ನಾಗಿ ಉರಿದು, ನಿಂತಾಗ ಅಥವಾ ಗುಂಡಿ ಹಾರಿದಾಗ ಮಂಕಾಗಬಹುದು. ಅಂಗಳದಲ್ಲಿ ನಿಲ್ಲಿಸಿ ನೋಡಿದಾಗ ಸರಿಯಿತ್ತು ಎಂದು ನಂಬಿ ಹೊರಡಬೇಡಿ, ಕೊಂಡಿಯನ್ನು ಅಲುಗಾಡಿಸಿ ನೋಡಿ. ಎರಡನೆಯದು, ಹಳೆಯ ಟ್ರೇಲರಿನಲ್ಲಿ ವೈರಿನ ಬಣ್ಣವನ್ನು ನಂಬಬಾರದು. ನಡುವೆ ಯಾರೋ ಕೈಗೆ ಸಿಕ್ಕ ವೈರ್ ಸೇರಿಸಿರುತ್ತಾರೆ. ಪ್ಲಗ್ಗಿನೊಳಗೆ ಪಿನ್ನಿನ ಪಕ್ಕದಲ್ಲೇ ಸಂಖ್ಯೆ ಕೆತ್ತಿರುತ್ತದೆ, ಅದನ್ನು ನೋಡಿ ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ.

ಸರಿಪಡಿಸುವಾಗ ದೀಪಗಳ ಅರ್ತನ್ನು ಟ್ರೇಲರಿನ ಚಾಸಿಗೆ ಸ್ಕ್ರೂ ಹಾಕಿ ಬಿಟ್ಟುಬಿಡಬೇಡಿ. ಪ್ರತಿಯೊಂದು ದೀಪದಿಂದಲೂ ವೈರ್ ಎಳೆದು ಜಂಕ್ಷನ್ ಬಾಕ್ಸಿನಲ್ಲಿ ಕೂಡಿಸಿ, ಅಲ್ಲಿಂದ ಉಳಿದವುಗಳಿಗಿಂತ ದಪ್ಪನೆಯ ವೈರನ್ನು, 2.5 ಚದರ ಮಿ.ಮೀ. ನದನ್ನು, ಪ್ಲಗ್ಗಿನ ತನಕ ಒಯ್ಯಿರಿ.

ದೋಸೆಗಾಡಿ, ಲೆಸ್ಟರ್

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆಯೇ ಅಳೆದೆ. ಟ್ರೇಲರಿನ ದೀಪದ ಬಳಿ 2.9 ವೋಲ್ಟ್ ಬಂದಿತು, ಸಾಕೆಟ್ಟಿನ ಹಿಂಭಾಗದಲ್ಲಿ 0.1 ಮಾತ್ರ. ಹಾಗಾಗಿ ಪ್ಲಗ್ಗನ್ನೇ ಮೊದಲು ಬಿಚ್ಚಿದೆ. 3ನೇ ಪಿನ್ನಿನ ಸ್ಕ್ರೂ ಬೆರಳಿನಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಅದರೊಳಗಿನ ತಾಮ್ರದ ಎಳೆಗಳಲ್ಲಿ ಹೆಚ್ಚಿನವು ತುಂಡಾಗಿ, ಉಳಿದ ನಾಲ್ಕೈದು ಎಳೆಗಳ ಮೇಲೆ ಹಸಿರು ಪುಡಿ ಕೂತಿತ್ತು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಹಾಕುವ ಉಪ್ಪು ಒಳಗೆ ಸೇರಿರಬೇಕು. ಹೊಳೆಯುವ ತಾಮ್ರ ಕಾಣುವವರೆಗೆ ವೈರನ್ನು ಕತ್ತರಿಸಿ, ಪಿನ್ನನ್ನು ಎಮರಿ ಪೇಪರಿನಿಂದ ಉಜ್ಜಿ, ಮತ್ತೆ ಬಿಗಿದ ಮೇಲೆ 0.2 ವೋಲ್ಟಿಗೆ ಇಳಿಯಿತು. ಟ್ರೇಲರಿನ ಹಸಿರು ದೀಪ ಈಗ ಬಾಣಗಳ ಜೊತೆಯಲ್ಲೇ ಮಿಣುಕುತ್ತಿದೆ.

ಇನ್ನೆರಡು ಪ್ರಶ್ನೆಗಳಿವೆ. ಟ್ರೇಲರಿಗೆ ಎಲ್‌ಇಡಿ ದೀಪಗಳನ್ನು ಹಾಕಿದರೆ ಇಂಥ ತೊಂದರೆ ಕಡಿಮೆಯಾಗುತ್ತದೆಯೇ? ಅಲ್ಲದೆ ಈ ಟ್ರೇಲರಿನಲ್ಲಿ ಫಾಗ್ ಲೈಟ್ ಇಲ್ಲವೇ ಇಲ್ಲ, 2ನೇ ಪಿನ್ ಖಾಲಿ ಇದೆ. ಹಾಕಿಸುವುದು ಕಡ್ಡಾಯವೇ?

ಬಯಲುಸೀಮೆ, ಸ್ಟುಟ್‌ಗಾರ್ಟ್

ಎಲ್‌ಇಡಿ ದೀಪಗಳು ಎಳೆಯುವ ಕರೆಂಟ್ ಬಹಳ ಕಡಿಮೆಯಾದ್ದರಿಂದ ಅರ್ತ್ ವೈರಿನ ಮೇಲಿನ ಹೊರೆ ಇಳಿಯುವುದು ನಿಜ. ಆದರೆ ನಿಮ್ಮ 2005ರ ವ್ಯಾನಿನ ರಿಲೇ ಅಳೆಯುವುದು ಕರೆಂಟನ್ನೇ ಆದ್ದರಿಂದ, ಎಲ್‌ಇಡಿ ಹಾಕಿದೊಡನೆ ಟ್ರೇಲರಿನ ಹಸಿರು ದೀಪ ಮತ್ತೆ ಮಿಣುಕದೇ ಉಳಿಯುತ್ತದೆ; ಹಿಂದಿನ ದೀಪ ಕೆಟ್ಟರೂ ನಿಮಗೆ ತಿಳಿಯುವುದಿಲ್ಲ. ಅದಕ್ಕೆಂದು ರೆಸಿಸ್ಟರ್ ಸೇರಿಸುವವರಿದ್ದಾರೆ. ಅದು 21 ವ್ಯಾಟಿನ ಬಲ್ಬಿನಷ್ಟೇ ಕರೆಂಟನ್ನು ಶಾಖವಾಗಿ ಸುಡುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಗ್ಯಾಸ್ ಸಿಲಿಂಡರ್ ಸಾಗಿಸುವ ಟ್ರೇಲರಿನಲ್ಲಿ, ಪ್ಲೈವುಡ್ ಗೋಡೆಯ ಮೇಲೆ, ನಾನಂತೂ ಅದನ್ನು ಒಪ್ಪುವುದಿಲ್ಲ. ಬಲ್ಬ್‌ಗಳನ್ನೇ ಉಳಿಸಿಕೊಳ್ಳಿ.

ಮುಂದೆ ಹೊಸ ವ್ಯಾನ್ ಕೊಂಡರೆ ವೈರ್‌ಗಳನ್ನು ಈಗಿನಂತೆ ನೇರವಾಗಿ ಸೇರಿಸಲು ಯಾರಿಗೂ ಬಿಡಬೇಡಿ. ಹೊಸ ವಾಹನಗಳ ನಿಯಂತ್ರಣ ಘಟಕವು ಪ್ರತಿಯೊಂದು ಬಲ್ಬಿನ ಕರೆಂಟನ್ನೂ ಗಮನಿಸುತ್ತಿರುತ್ತದೆ. ಹೆಚ್ಚು ಹರಿದರೆ ಹಳದಿ ಬಲ್ಬಿನ ಚಿಹ್ನೆ ತೋರಿಸುತ್ತದೆ, ಕೆಲವೊಮ್ಮೆ ಆ ದೀಪಕ್ಕೆ ಕರೆಂಟನ್ನೇ ನಿಲ್ಲಿಸಿಬಿಡುತ್ತದೆ. ಅಂಥ ವಾಹನಗಳಲ್ಲಿ ಟ್ರೇಲರಿಗೆ ಬ್ಯಾಟರಿಯಿಂದಲೇ ಪ್ರತ್ಯೇಕ ಫ್ಯೂಸಿನ ಮೂಲಕ ಕರೆಂಟ್ ಕೊಡುವ ಬೈಪಾಸ್ ರಿಲೇ ಬೇಕು, ಅಥವಾ ಆ ವಾಹನಕ್ಕೆಂದೇ ತಯಾರಾದ ಟ್ರೇಲರ್ ಮಾಡ್ಯೂಲ್ ಬೇಕು. ಎರಡನೆಯದು ದುಬಾರಿಯಾದರೂ ಟ್ರೇಲರ್ ಜೋಡಿಸಿರುವುದು ವಾಹನಕ್ಕೆ ಗೊತ್ತಾಗುವುದರಿಂದ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಸುಮ್ಮನೆ ಬಡಿದುಕೊಳ್ಳುವುದಿಲ್ಲ. ಆಗ ಸಾಕೆಟ್ 13 ಪಿನ್ನಿನದಾಗಿರುತ್ತದೆ. ಅದರ ಮೊದಲ 7 ಪಿನ್‌ಗಳ ಕೆಲಸ ಈಗಿನವೇ ಆದ್ದರಿಂದ ಸಣ್ಣ ಅಡಾಪ್ಟರ್ ಒಂದಿದ್ದರೆ ಈ ಟ್ರೇಲರ್ ನಡೆಯುತ್ತದೆ.

ಫಾಗ್ ಲೈಟಿನ ವಿಷಯ: ಬ್ರಿಟನ್ನಿನಲ್ಲಿ 1.3 ಮೀಟರಿಗಿಂತ ಅಗಲವಾದ, 1979ರ ಅಕ್ಟೋಬರಿನಿಂದ ಈಚೆಗೆ ತಯಾರಾದ ಟ್ರೇಲರಿಗೆ ಹಿಂದೆ ಒಂದಾದರೂ ಫಾಗ್ ಲೈಟ್ ಇರಲೇಬೇಕು. ಒಂದೇ ಹಾಕುವುದಾದರೆ ಅದು ನಡುವೆ ಅಥವಾ ಬಲಗಡೆ ಇರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಜರ್ಮನಿಯಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುವುದರಿಂದ ಒಂದೇ ಫಾಗ್ ಲೈಟ್ ಇದ್ದರೆ ಎಡಗಡೆ ಇರುತ್ತದೆ. ಈ ಕಡೆಯ ಮಾರುಕಟ್ಟೆಗೆ ತಯಾರಾದ ದೀಪಗಳ ಜೋಡಿಯನ್ನು ಆನ್‌ಲೈನಿನಲ್ಲಿ ಅಗ್ಗವೆಂದು ತರಿಸಿಕೊಂಡರೆ ಫಾಗ್ ಲೈಟ್ ತಪ್ಪು ಬದಿಗೆ ಬರುತ್ತದೆ. ಕೊಳ್ಳುವ ಮುನ್ನ ಬಲದ ದೀಪದಲ್ಲಿಯೇ ಅದು ಇದೆಯೇ ಎಂದು ನೋಡಿಕೊಳ್ಳಿ. ಹಿಂದುಗಡೆ ಎರಡು ಕೆಂಪು ತ್ರಿಕೋನ ಪ್ರತಿಫಲಕಗಳೂ, ವ್ಯಾನಿನ ನಂಬರನ್ನೇ ಹೊತ್ತ, ರಾತ್ರಿ ದೀಪ ಬೀಳುವ ಪ್ಲೇಟೂ ಬೇಕೆಂಬುದು ನಿಮಗೆ ತಿಳಿದೇ ಇರುತ್ತದೆ.

2ನೇ ಪಿನ್ನಿಗೆ ನೇರವಾಗಿ ವೈರ್ ಕೊಟ್ಟರೆ ಮಂಜಿನಲ್ಲಿ ವ್ಯಾನಿನ ಫಾಗ್ ಲೈಟೂ ಉರಿದು, ಅದರ ಕೆಂಪು ಬೆಳಕು ಟ್ರೇಲರಿನ ಮುಂಗೋಡೆಗೆ ಬಡಿದು ನಿಮ್ಮ ಕನ್ನಡಿಗಳಲ್ಲಿ ತುಂಬಿಕೊಳ್ಳುತ್ತದೆ. ಪ್ಲಗ್ ಸಿಕ್ಕಿಸಿದೊಡನೆ ವ್ಯಾನಿನ ಫಾಗ್ ಲೈಟನ್ನು ತಾನೇ ಕಡಿದುಹಾಕುವ ಸಣ್ಣ ಸ್ವಿಚ್ ಒಳಗೇ ಇರುವ 7 ಪಿನ್ ಸಾಕೆಟ್‌ಗಳು ಸಿಗುತ್ತವೆ. ಫಾಗ್ ಲೈಟ್ ಹಾಕಿಸುವ ದಿನವೇ ಸಾಕೆಟ್ಟನ್ನೂ ಬದಲಿಸಿಬಿಡಿ.