ದೊಡ್ಡರೋಗ, ಹಿರೇಬೇನೆ: ಬರೆಯುವಾಗ ಬೇರೆ ಮಾಡುವುದು ಹೇಗೆ?

ವಾಲ್ಟರ್ ಪ್ಲೌರೈಟ್ ಎಂಬ ಇಂಗ್ಲೆಂಡಿನ ಪಶುವೈದ್ಯ ವಿಜ್ಞಾನಿಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಕೀನ್ಯಾದ ಮುಗುಗಾದಲ್ಲಿ ಕೆಲಸ ಮಾಡುತ್ತಾ ದನಗಳ ರಿಂಡರ್‌ಪೆಸ್ಟ್ ರೋಗಕ್ಕೆ ಒಳ್ಳೆಯ ಲಸಿಕೆ ತಯಾರಿಸಿದವರು ಇವರು. 1999ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. 2011ರಲ್ಲಿ ಆ ರೋಗ ಭೂಮಿಯಿಂದಲೇ ಹೋಯಿತೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬು ಬಿಟ್ಟರೆ ಹೀಗೆ ಪೂರ್ತಿ ಅಳಿದ ವೈರಸ್ ರೋಗ ಇದೊಂದೇ. ವಿಜ್ಞಾನ ಬರೆಯಲು ಅಷ್ಟು ಕಷ್ಟವಾಗಲಿಲ್ಲ. ಹೆಸರುಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ರಿಂಡರ್‌ಪೆಸ್ಟಿಗೆ ನಮ್ಮಲ್ಲಿ ದೊಡ್ಡರೋಗ ಅನ್ನುತ್ತಾರೆ. ಆಡು ಕುರಿಗಳಿಗೆ ಬರುವ ‘ಪೆಸ್ಟ್ ದೆ ಪೆತಿ ರುಮಿನಾ’, ಅಂದರೆ ಪಿಪಿಆರ್‌ಗೆ ಹಿರೇಬೇನೆ ಅನ್ನುವ ಹೆಸರಿದೆ. ಹಿರೇ ಅಂದರೂ ದೊಡ್ಡದೇ, ಬೇನೆ ಅಂದರೂ ರೋಗವೇ. ಆದರೆ ವೈರಸ್ಸುಗಳು ಎರಡು. ಹತ್ತಿರದ ಸಂಬಂಧಿಗಳು, ಅಷ್ಟೇ. ನಮ್ಮ ಮಕ್ಕಳಿಗೆ ಬರುವ ದಡಾರದ ವೈರಸ್ಸೂ ಇದೇ ಕುಲದ್ದು.

ಹೆಸರು ಕೂಡಿಹೋಗಿರುವುದಕ್ಕೆ ಕುರಿಗಾರರನ್ನು ದೂರುವ ಹಾಗಿಲ್ಲ. ಎರಡರಲ್ಲೂ ಜ್ವರ, ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ವಿಜ್ಞಾನಿಗಳಿಗೂ ಬೇರೆ ಮಾಡಲು ಬಹಳ ಕಾಲ ಹಿಡಿಯಿತು. ಪಿಪಿಆರ್ ಅನ್ನು ಮೊದಲು ವಿವರಿಸಿದ್ದು 1942ರಲ್ಲಿ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ಭಾರತದಲ್ಲಿ ಇದು ಖಚಿತವಾಗಿ ಗೊತ್ತಾಗಿದ್ದು 1987ರಲ್ಲಿ ತಮಿಳುನಾಡಿನಲ್ಲಿ ಕುರಿಗಳಿಗೆ ರೋಗ ಬಂದಾಗ. ಅದನ್ನು ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಇದ್ದರು. ಅದಕ್ಕೂ ಮುಂಚೆ ಆಡು ಕುರಿಗೆ ಇಂಥದ್ದು ಬಂದರೆ ದನದ ರೋಗವೇ ದಾಟಿ ಬಂದಿದೆ ಅಂದುಕೊಳ್ಳುತ್ತಿದ್ದರು.

ಈಗ ನನ್ನ ಕಷ್ಟ ನೋಡಿ. ಪ್ಲೌರೈಟ್ ಲಸಿಕೆಯನ್ನು ಹಲವು ಕಡೆ ಆಡು ಕುರಿಗಳ ಪಿಪಿಆರ್ ತಡೆಯಲೂ ಬಳಸಿದರು. ಸಂಬಂಧಿ ವೈರಸ್ಸುಗಳಾದ್ದರಿಂದ ಅದು ಕೆಲಸವನ್ನೂ ಮಾಡಿತು. ಇದನ್ನು ‘ದೊಡ್ಡರೋಗದ ಲಸಿಕೆಯನ್ನು ಹಿರೇಬೇನೆಗೂ ಹಾಕಿದರು’ ಎಂದು ಬರೆದರೆ ಓದುವವರು ನಗುವುದಿಲ್ಲವೇ? ಅದರಲ್ಲೇನು ವಿಶೇಷ ಅನ್ನುತ್ತಾರೆ.

‘ದನದ ಪ್ಲೇಗ್’, ‘ಆಡು ಕುರಿ ಪ್ಲೇಗ್’ ಎಂದು ಬರೆಯಬಹುದು ಅಂತ ಗೆಳೆಯರೊಬ್ಬರು ಹೇಳಿದರು. ಮೂಲ ಹೆಸರುಗಳ ಅರ್ಥವೂ ಹೆಚ್ಚುಕಡಿಮೆ ಅದೇ. ಆದರೂ ನನಗೆ ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಪ್ಲೇಗ್ ಅಂದ ಕೂಡಲೇ ಇಲಿ ಬೀಳುವುದು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು, ಪ್ಲೇಗಮ್ಮನ ಗುಡಿ ನೆನಪಾಗುತ್ತವೆ. ಅದು ಬ್ಯಾಕ್ಟೀರಿಯಾದ ರೋಗ, ಇವು ವೈರಸ್ಸಿನವು. ಗೊಂದಲ ಇನ್ನೂ ಜಾಸ್ತಿಯಾಗುತ್ತದೆ.

ಸದ್ಯಕ್ಕೆ ‘ದನದ ದೊಡ್ಡರೋಗ’, ‘ಆಡು ಕುರಿಯ ಹಿರೇಬೇನೆ’ ಎಂದು ಪ್ರತಿ ಸಲವೂ ಪ್ರಾಣಿಯ ಹೆಸರು ಸೇರಿಸಿ ಬರೆದಿದ್ದೇನೆ. ಉದ್ದವಾಯಿತು ನಿಜ. ಆದರೆ ಹಿರೇಬೇನೆಯನ್ನೂ 2030ರೊಳಗೆ ಅಳಿಸಬೇಕೆಂಬ ಜಾಗತಿಕ ಯೋಜನೆ ಇದೆ. ದೊಡ್ಡರೋಗ ಹೋಗಿ ವರ್ಷಗಳಾದವು, ಮತ್ತೆ ಅಳಿಸುವುದೇನು ಎಂದು ಯಾರೂ ಕೇಳಬಾರದು, ಅಲ್ವಾ?

ಇನ್ನೊಂದು ಪದ. ಲಸಿಕೆಗಾಗಿ ವೈರಸ್ಸನ್ನು ‘ದುರ್ಬಲಗೊಳಿಸಿದ’ ಎಂದು ಎಲ್ಲರೂ ಬರೆಯುತ್ತಾರೆ. ಪ್ಲೌರೈಟ್ ಮತ್ತು ಅವರ ಜೊತೆಗಾರರು ಮಾಡಿದ್ದು ಇಷ್ಟು. ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ ಬೆಳೆಸಿದರು. ಅದರಲ್ಲಿ ಸ್ವಲ್ಪ ತೆಗೆದು ಹೊಸ ಜೀವಕೋಶಗಳಿಗೆ ಹಾಕಿದರು. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಸುಮಾರು 90 ಸಲ. ಕೊನೆಗೆ ಆ ವೈರಸ್ ದನದ ಮೈಯಲ್ಲಿ ಬೆಳೆಯುತ್ತಿತ್ತು, ರೋಗ ಮಾತ್ರ ತರುತ್ತಿರಲಿಲ್ಲ. ಒಂದೇ ಸಲ ಚುಚ್ಚಿದರೆ ದನಕ್ಕೆ ಜೀವಮಾನವಿಡೀ ರಕ್ಷಣೆ. ಇದನ್ನು ದುರ್ಬಲ ಅಂದರೆ ಲಸಿಕೆಯೇ ದುರ್ಬಲ ಅನ್ನಿಸುವುದಿಲ್ಲವೇ?

ನನಗೆ ‘ಪಳಗಿಸಿದ ವೈರಸ್’ ಇಷ್ಟ. ಇದರಲ್ಲಿ ಒಂದು ಅನುಕೂಲವೂ ಇದೆ. 1920ರ ದಶಕದಲ್ಲಿ ನಮ್ಮ ದೇಶದ ಮುಕ್ತೇಶ್ವರದ (ಈಗಿನ ಉತ್ತರಾಖಂಡ) ಪ್ರಯೋಗಾಲಯದಲ್ಲಿ ಜೆ. ಟಿ. ಎಡ್ವರ್ಡ್ಸ್ ಇದೇ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸಿ ಲಸಿಕೆ ಮಾಡಿದ್ದರು. ನಮ್ಮ ನಾಟಿ ದನಗಳಿಗೆ ಅದು ಚೆನ್ನಾಗಿ ಹೊಂದಿತು. ಕೆಲವು ತಳಿಗಳಿಗೆ, ಅದರಲ್ಲೂ ವಿದೇಶಿ ದನಗಳಿಗೆ, ಜೋರು ಜ್ವರ ಬರುತ್ತಿತ್ತು. ಅದನ್ನು ‘ಅರೆಪಳಗಿದ’ ಅನ್ನಬಹುದು. ‘ಅರೆದುರ್ಬಲ’ ಅಂದರೆ ಏನೂ ತಿಳಿಯುವುದಿಲ್ಲ. ‘ಸಾಧು ಮಾಡಿದ’ ಅನ್ನುವುದನ್ನೂ ಯೋಚಿಸಿದೆ. ಹಸುವಿಗೆ ಸರಿ, ವೈರಸ್ಸಿಗೆ ಯಾಕೋ ಅತಿಯಾಯಿತು.

ಕುರಿ ಸಾಕುವ ಕಡೆಯವರು, ಪಶುವೈದ್ಯರು ಯಾರಾದರೂ ಇದ್ದರೆ ತಿಳಿಸಿ. ನಿಮ್ಮಲ್ಲಿ ಹಿರೇಬೇನೆ ಅಂದರೆ ಆಡು ಕುರಿಯದ್ದು ಮಾತ್ರವೇ, ಅಥವಾ ಹಿರಿಯರು ದನದ ರೋಗಕ್ಕೂ ಅದನ್ನೇ ಹೇಳುತ್ತಿದ್ದರೇ? ಎರಡಕ್ಕೂ ಹೇಳುತ್ತಿದ್ದರು ಅನ್ನುವುದಾದರೆ ಲೇಖನದಲ್ಲಿ ಪಿಪಿಆರ್ ಎಂದೇ ಬರೆದುಬಿಡುತ್ತೇನೆ.