ಹಳೇ ಎಂಜಿ-ಬಿ ಗಾಡಿಗೆ ಮನೇಲೇ ಮಡ್ ಫ್ಲಾಪ್: ಟಿಂಕರಿಂಗ್ ಮೇಸ್ತ್ರಿಗೆ ಕೇಳಿದ್ದು

ಪ್ರಶ್ನೆ (ಚಿತ್ರದುರ್ಗ): ಮೇಸ್ತ್ರಿ ಅಣ್ಣಾ ನಮಸ್ಕಾರ. ನಮ್ಮ ಮಾವನವರದ್ದು 1967ರ ಎಂಜಿ-ಬಿ ಐತೆ, ಇಂಗ್ಲೆಂಡಿನ ಎರಡು ಸೀಟಿನ ಓಪನ್ ಕಾರು, ಅವರು ಹೋದ್ಮೇಲೆ ನಾನೇ ನೋಡ್ಕಂತಿದೀನಿ. ಹೋದ್ ವರ್ಷ ಪೂರ್ತಿ ತಗಡು ಕೆಲ್ಸ ಮಾಡ್ಸಿ ಪೇಂಟ್ ಹೊಡ್ಸಿದೆ. ಮೊನ್ನೆ ಭಾನುವಾರ ಹೈವೇಲಿ ದಾವಣಗೆರೆ ತನಕ ಹೋಗಿ ಬಂದು ತೊಳೆಯೋವಾಗ ನೋಡಿದ್ರೆ ಮುಂದಿನ ಚಕ್ರದ ಹಿಂದುಗಡೆ ಮಡ್ಗಾರ್ಡಿನ ಕೆಳಗೆ, ಬಾಗಿಲ ಕೆಳಗಿನ ಪಟ್ಟಿ ಮೇಲೆ, ಸಾಸಿವೆ ಕಾಳಷ್ಟಷ್ಟು ಪೇಂಟ್ ಎದ್ದಿರೋದು ಹದಿನಾಲ್ಕು ಕಡೆ, ಹೊಟ್ಟೆ ಉರಿದೋಯ್ತು. ಕೆಸರು, ಕಲ್ಲು ಸಿಡೀದಂಗೆ ಚಕ್ರದ ಹಿಂದೆ ನೇತಾಕೋ ರಬ್ಬರ್ ಫ್ಲಾಪ್ ಈ ಗಾಡಿಗೆ ರೆಡಿಮೇಡ್ ಇಲ್ಲೆಲ್ಲೂ ಸಿಗಲ್ಲ. ಲಾರಿ ಫ್ಲಾಪನ್ನೇ ಕತ್ತರಿಸಿ ಮಡ್ಗಾರ್ಡಿಗೆ ಮೂರು ಸ್ಕ್ರೂ ಹೊಡೆದು ಕೂರಿಸ್ಲಾ?

ಉತ್ತರ (ದಾವಣಗೆರೆ, ಟಿಂಕರಿಂಗ್ ಕೆಲಸ): ನಮಸ್ಕಾರ್ರೀ. ಫ್ಲಾಪ್ ಹಾಕ್ರಿ, ಖಂಡಿತ ಹಾಕ್ರಿ, ಆದ್ರ ಸ್ಕ್ರೂ ಹೊಡೀಬ್ಯಾಡ್ರಿ, ಡ್ರಿಲ್ ಮಶೀನ್ ಮನಿಯಿಂದ ಹೊರಗೇ ತರಬ್ಯಾಡ್ರಿ. ನಾನು ಕೆಲಸ ಕಲಿತ ಹೊಸದ್ರಾಗ ಒಬ್ರ ಫಿಯಟ್ಟಿಗೆ ಹಿಂಗೇ ತೂತು ಹೊಡೆದು ಫ್ಲಾಪ್ ಕೂರಿಸಿದ್ದೆ, ಎರಡು ಮಳೆಗಾಲ ಕಳೆದು ಗಾಡಿ ವಾಪಸ್ ಬಂತು, ಸ್ಕ್ರೂ ಬಿಚ್ಚಿದ್ರ ತೂತಿನ ಸುತ್ತ ತಗಡು ಹಪ್ಪಳದಂಗ ಪುಡಿ ಆಗಿ ಕೈಗೇ ಬಂತು. ತೂತು ಹೊಡೆದ ಅಂಚಿಗೆ ಪೇಂಟ್ ಇರಂಗಿಲ್ಲ, ಮ್ಯಾಲೆ ರಬ್ಬರ್ ಒತ್ಕೊಂಡು ನೀರು ಹಿಡಿದಿಟ್ಕೊಂತೈತಿ, ತುಕ್ಕು ಅಲ್ಲಿಂದಾನ ಶುರು. ಅವತ್ತಿಂದ ಯಾರ ಗಾಡಿ ಮಡ್ಗಾರ್ಡಿಗೂ ನಾನು ಫ್ಲಾಪಿಗಂತ ತೂತು ಹೊಡೆದಿಲ್ರೀ.

ನಿಮಗ ಕಾಣ್ತಿರೋದು ಕಲ್ಲಿನ ಏಟು. ಅದಕ್ಕಿಂತ ಭಾಳ ಕೆಟ್ಟದ್ದು ಒಳಗ ನಡೀತಿರ್ತೈತಿ. ಎಂಜಿ-ಬಿ ಮುಂದಿನ ಮಡ್ಗಾರ್ಡ್ ಒಳಗ, ಚಕ್ರದ ಹಿಂದ, ಒಂದು ಅಡ್ಡ ತಗಡು ಐತಿ ನೋಡ್ರಿ, ಸ್ಪ್ಲಾಶ್ ಪ್ಯಾನೆಲ್ ಅಂತಾರ, ಅದರ ಅಂಚಿಗೆ ರಬ್ಬರ್ ಸೀಲ್ ಇರ್ತೈತಿ. ಆ ಸೀಲ್ ಒಣಗಿ ಸೀಳಿತು ಅಂದ್ರ ಕೆಸರು ಅದರ ಹಿಂದ ಹೋಗಿ ಮಡ್ಗಾರ್ಡಿನ ಕೆಳ ಮೂಲ್ಯಾಗ ಕೂತ್ಕೊಂಡು ಒಳಗಿಂದ ಹೊರಗ ತಿನ್ಕೊಂತ ಬರ್ತೈತಿ, ಹೊರಗ ಪೇಂಟ್ ಗುಳ್ಳೆ ಎದ್ದಾಗ ಒಳಗ ಕೆಲಸ ಮುಗಿದಿರ್ತೈತಿ. ಅದೂ ನಮ್ಮ ಕಡೆ ಎರೆ ಮಣ್ಣು, ಒಂದ್ಸಲ ನೀರು ಕುಡೀತು ಅಂದ್ರ ಬಿಡಂಗಿಲ್ಲ. ಒಂದು ಹಳೇ ಗಾಡಿ ಮಡ್ಗಾರ್ಡ್ ಒಳಗಿಂದ ಏಪ್ರಿಲ್ ಬಿಸಿಲಾಗ ಎರಡು ಬೊಗಸೆ ಮಣ್ಣು ತೆಗೆದಿದ್ದೆ, ಮ್ಯಾಲೆ ಬಿರುಕು ಬಿಟ್ಟು ಒಣಗಿತ್ತು, ಒಡೆದ್ರ ಒಳಗ ತಣ್ಣಗ ಹಸಿ, ಅದ್ರಾಗೊಂದು ಮೆಕ್ಕೆಜೋಳದ ಕಾಳು ಮೊಳಕೆ ಬೇರೆ ಒಡೆದಿತ್ತು. ಅದಕ್ಕ ಮೊದಲು ಆ ಸೀಲ್ ಹೊಸದು ಹಾಕ್ರಿ, ಒಳಗಿನ ಮಣ್ಣು ಪೂರ್ತಿ ತೆಗೀರಿ, ಫ್ಲಾಪ್ ಆಮ್ಯಾಲೆ.

ಪ್ರಶ್ನೆ (ಚಿತ್ರದುರ್ಗ): ಸೀಲ್ ನೋಡಿದೆ ಅಣ್ಣ, ಕಟ್ಟಿಗೆ ಆಗೋಗೈತೆ ಕಣಣ್ಣ. ಹೊಸದು ಹಾಕ್ತೀನಿ. ಆದ್ರೆ ತೂತಿಲ್ದೆ ಫ್ಲಾಪ್ ನಿಲ್ಲೋದೆಂಗೆ? ರಬ್ಬರ್ ಯಾವ್ದು ತಗಳ್ಳಿ?

ಉತ್ತರ: ಆ ಸ್ಪ್ಲಾಶ್ ಪ್ಯಾನೆಲ್ ಕೂತಿರೋದೇ ಕಂಪನಿ ಮಾಡಿದ ತೂತಿನ ಮ್ಯಾಲೆ, ಅದರ ಬೋಲ್ಟುಗಳಲ್ಲೇ ಫ್ಲಾಪಿನ ಒಳಗಿನ ಬದಿ ಹಿಡಿಸ್ರಿ. ಹೊರಗಿನ ಬದಿಗೆ, ಚಕ್ರದ ಕಮಾನಿನ ಅಂಚು ಒಳಗ ಮಡಚಿರ್ತೈತಲ್ಲ, ಆ ಮಡಿಕೆಗೆ ಒಂದು ಸಣ್ಣ ಸ್ಟೀಲ್ ಕ್ಲಿಪ್ ಬಗ್ಗಿಸಿ ಕಚ್ಚಿಸ್ರಿ, ಬಟ್ಟೆ ಒಣಗ ಹಾಕೋ ಕ್ಲಿಪ್ ಕಚ್ಚಿದಂಗ. ಕ್ಲಿಪ್ಪಿಗೂ ಪೇಂಟಿಗೂ ನಡುವ ಸೈಕಲ್ ಟ್ಯೂಬಿನ ತುಂಡು ಇಡೋದು ಮರೀಬ್ಯಾಡ್ರಿ. ಬೋಲ್ಟ್ ತುಕ್ಕು ಹಿಡಿದಿದ್ರ ಹಿಂದಿನ ರಾತ್ರೀನ ತುಕ್ಕು ಬಿಡಿಸೋ ಡಬ್ಲ್ಯುಡಿ-40 ಸ್ಪ್ರೇ ಹೊಡೆದಿಡ್ರಿ. ಇನ್ನೊಂದು, ಇಂಗ್ಲೆಂಡಿನ ಗಾಡಿ ಅದು, ಬೋಲ್ಟ್ ಹೆಚ್ಚಾಗಿ ಇಂಚಿನ ಅಳತಿ, ಯುಎನ್‌ಎಫ್ ಅನ್ನೋ ಸಣ್ಣ ಥ್ರೆಡ್. ಕಾಲಿಂಚಿನ ಬೋಲ್ಟಿಗೆ 7/16 ಸ್ಪ್ಯಾನರ್ ಬೇಕು, 12 ನಂಬರಿನಾಗ ಎಳೆದ್ರ ತಲಿ ಸವದು ಹೋಗ್ತೈತಿ. ಕಳೆದೋಯ್ತು ಅಂತ ಅಲ್ಲಿಗೆ 6 ಎಂಎಂ ಬೋಲ್ಟ್ ತುರುಕಿದ್ರ ಒಳಗಿನ ನಟ್ಟಿನ ಥ್ರೆಡ್ಡೂ ಹಾಳು.

ರಬ್ಬರಿಗೆ ಹಾರ್ಡ್‌ವೇರ್ ಅಂಗಡ್ಯಾಗ 3 ಎಂಎಂ ಇನ್ಸರ್ಷನ್ ಶೀಟ್ ಅಂತ ಕೇಳ್ರಿ, ಗ್ಯಾಸ್ಕೆಟ್ ಕತ್ತರಿಸೋದಕ್ಕ ಒಯ್ತಾರಲ್ಲ, ಒಳಗ ಬಟ್ಟೆ ಪದರ ಇರೋದು, ತೂತಿನ ಹತ್ರ ಹರಿಯಂಗಿಲ್ಲ.

ಪ್ರಶ್ನೆ (ಹರಿಹರ): ನಡುವ ಬಾಯಿ ಹಾಕ್ತೀನ್ರಿ ಮೇಸ್ತ್ರಿ. ನಮ್ಮ ರೈಸ್ ಮಿಲ್ಲಿನಾಗ ಹಳೇ ಎಲಿವೇಟರ್ ಬೆಲ್ಟ್ ರಾಶಿ ಬಿದ್ದೈತಿ, ಪುಕ್ಕಟೆ ಕೊಡ್ತೀನಿ, ಅದು ಆಗಂಗಿಲ್ಲೇನ್ರಿ?

ಉತ್ತರ: ನಿಮ್ಮ ಮನಸ್ಸು ದೊಡ್ಡದು ಸಾಹುಕಾರ್ರೆ, ಟ್ರ್ಯಾಕ್ಟರ್ ಟ್ರೇಲರಿಗೆ ಅದು ಚಿನ್ನದಂಥ ಮಾಲು. ಈ ಗಾಡಿಗೆ ಬ್ಯಾಡ. ಬೆಲ್ಟ್ ದಪ್ಪ, ಭಾರ, ಬಗ್ಗಂಗಿಲ್ಲ. ರಿವರ್ಸ್ ತಗೋವಾಗ ಫ್ಲಾಪು ಕಲ್ಲಿಗೋ ದಿಬ್ಬಕ್ಕೋ ಸಿಕ್ಕು ಟೈರ್ ಕೆಳಗ ಹೋತು ಅಂದ್ರ ರಬ್ಬರ್ ಹರೀಬೇಕು ಇಲ್ಲ ಕ್ಲಿಪ್ ಬಿಚ್ಕೋಬೇಕು, ಅದು ಗಟ್ಟಿ ಇದ್ರ ಮಡ್ಗಾರ್ಡನ್ನೇ ಎಳ್ಕೊಂಡು ಹೋಗ್ತೈತಿ. ಲಾರಿ ಫ್ಲಾಪಿಗೂ ಇದೇ ಮಾತು. ಮುಂದಿನ ಮಡ್ಗಾರ್ಡ್ ಆದ್ರೂ ಬೋಲ್ಟ್ ಬಿಚ್ಚಿ ತೆಗೀಬಹುದು, ಎಂಜಿ-ಬಿ ಹಿಂದಿನದು ಬಾಡಿಗೇ ವೆಲ್ಡ್ ಆಗಿರೋದು. 1980ಕ್ಕೇ ನಿಂತೋದ ಗಾಡಿ, ಆ ತಗಡು ದಾವಣಗೆರ್‍ಯಾಗ ಎಲ್ಲಿ ತರೋದ್ರಿ.

ಪ್ರಶ್ನೆ (ಚಿತ್ರದುರ್ಗ): ಅಳತೆ ಹೆಂಗೆ ತಗಳ್ಳಿ ಅಣ್ಣ? ಹಿಂದಕ್ಕೂ ಹಾಕ್ಬೇಕಾ?

ಉತ್ತರ: ಫ್ರಿಜ್ ಬಂದ ರಟ್ಟಿನ ಡಬ್ಬಿ ಇದ್ರ ಮೊದಲು ಅದ್ರಾಗ ಕತ್ತರಿಸಿ ನೋಡ್ರಿ. ಅಗಲ ಟೈರಿಗಿಂತ ಅರ್ಧರ್ಧ ಇಂಚು ಹೆಚ್ಚಿರ್ಲಿ, ಮಡ್ಗಾರ್ಡ್ ದಾಟಿ ಹೊರಗ ಕಾಣೋದು ಬ್ಯಾಡ. ಕೆಳ ಅಂಚು ನೆಲದಿಂದ ನಾಲ್ಕು ಇಂಚು ಮ್ಯಾಲೆ ಇರ್ಲಿ, ಅದನ್ನ ಇಬ್ರು ಕೂತು ಗಾಡಿ ಇಳಿದಾಗ ಅಳೀರಿ, ಖಾಲಿ ಗಾಡ್ಯಾಗಲ್ಲ. ರಟ್ಟು ಕಟ್ಟಿ ಸ್ಟೇರಿಂಗ್ ಎಡಕ್ಕ ಕೊನೀತನಕ, ಬಲಕ್ಕ ಕೊನೀತನಕ ತಿರುಗಿಸ್ರಿ, ಟೈರಿಗೂ ರಟ್ಟಿಗೂ ನಡುವ ಹೆಬ್ಬೆರಳು ಆಡಬೇಕು. ರಬ್ಬರ್ ಕತ್ತರಿಸೋವಾಗ ಬ್ಲೇಡಿಗೆ ಸೋಪಿನ ನೀರು ಹಚ್ಕೊಂತ ಎಳೀರಿ, ಬೆಣ್ಣಿಯಂಗ ಹೋಗ್ತೈತಿ. ತೂತಿಗೆ ಡ್ರಿಲ್ ಹಾಕಿದ್ರ ರಬ್ಬರ್ ಸುತ್ಕೊಂಡು ಹರಿದು ಬರ್ತೈತಿ, ಚಪ್ಪಲಿ ಹೊಲಿಯೋರ ಹತ್ರ ಪಂಚ್ ಇರ್ತೈತಿ, ಅವ್ರ ಕೈಲಿ ಹೊಡ್ಸಿ, ಹಂಗೇ ಕೆಳಗಿನ ಮೂಲಿ ಎರಡೂ ದುಂಡಗ ಮಾಡ್ಸ್ರಿ. ಬೋಲ್ಟ್ ತಲಿ ಕೆಳಗ ಅಗಲ ವಾಷರ್, ಇನ್ನೊಂದು ಕಡೆ ನೈಲಾಕ್ ನಟ್, ಒಳಗ ನೈಲಾನ್ ಉಂಗುರ ಇರೋದು, ಅಲುಗಾಟಕ್ಕ ಬಿಚ್ಕೊಳ್ಳಂಗಿಲ್ಲ.

ಈಗ ಮುಂದಕ್ಕಷ್ಟೇ ಹಾಕ್ರಿ. ಬಾಗಿಲ ಕೆಳಗಿನ ಪಟ್ಟಿಗೆ, ಹಿಂದಿನ ಮಡ್ಗಾರ್ಡಿನ ಮುಂದಿನ ಅಂಚಿಗೆ ಬೀಳೋ ಕಲ್ಲೂ ಮುಂದಿನ ಟೈರ್ ಎಸೆಯೋದೇ. ನಿಮ್ಮ ಹದಿನಾಲ್ಕು ಚುಕ್ಕೆಗೆ ಇವತ್ತೇ ಪ್ರೈಮರ್, ಟಚಪ್ ಹಚ್ಚಿಬಿಡ್ರಿ, ತಗಡು ಕಂಡಿದ್ರ ಒಂದು ಮಳೆ ಸಾಕು.

ಪ್ರಶ್ನೆ (ಚಿತ್ರದುರ್ಗ): ಟಚಪ್ ಹಚ್ದೆ ಅಣ್ಣ. ಗಾಡಿ ತಳಕ್ಕೆ ತುಕ್ಕು ಬರ್ದಂಗೆ ಹಳೇ ಇಂಜಿನ್ ಆಯಿಲ್ ಹೊಡ್ಸು ಅಂತ ಪಕ್ಕದ್ಮನೆಯವ್ರು ಹೇಳ್ತಾವ್ರೆ.

ಉತ್ತರ: ಲಾರಿ ಕಾಲದ ಪದ್ಧತಿ ಅದು, ಇದಕ್ಕ ಬ್ಯಾಡ್ರಿ. ಆಯಿಲ್ ತಾಗಿದ್ರ ರಬ್ಬರ್ ಉಬ್ಬಿ ಮೆತ್ತಗಾಗ್ತೈತಿ, ನೀವೀಗ ಹಾಕ್ತಿರೋ ಹೊಸ ಸೀಲು, ಫ್ಲಾಪು ಎರಡೂ ಹೋಗ್ತಾವ, ಬ್ರೇಕಿಗೆ ಸಿಡಿದ್ರ ಅದು ಬೇರೆ ಅಪಾಯ. ಮಡ್ಗಾರ್ಡ್ ಒಳಗ ಕ್ಯಾವಿಟಿ ವ್ಯಾಕ್ಸ್ ಹೊಡ್ಸ್ರಿ, ಸಂದಿಯೊಳಗಿನ ತಗಡಿಗೆ ತುಕ್ಕು ಹತ್ತದಂಗ ಹೊಡೆಯೋ ಮೇಣ ಅದು, ಒಳಗ ಪೂರ್ತಿ ಒಣಗಿದ ಮ್ಯಾಲೆ ಮಾತ್ರ. ಎರಡು ದಿನ ಬಿಸಿಲಿಗೆ ನಿಲ್ಸಿ, ಅಡ್ಡ ತಗಡಿನ ಹಿಂದ ಕೈ ಹಾಕಿ ಮುಟ್ಟಿ ನೋಡ್ರಿ, ಸ್ವಲ್ಪ ತಂಪು ಹತ್ತಿದ್ರೂ ಇನ್ನೊಂದು ದಿನ ಕಾಯ್ರಿ. ಫ್ಲಾಪ್ ಕೂರಿಸಿ ನೂರು ಕಿಲೋಮೀಟರ್ ಓಡಿಸಿದ ಮ್ಯಾಲೆ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡ್ರಿ, ರಬ್ಬರ್ ಒತ್ತಿ ಕೂತು ಸಡಿಲ ಆಗಿರ್ತೈತಿ. ದಾವಣಗೆರಿಗೆ ಬಂದು ಹೋದ್ರ ಹೆಚ್ಚು ಕಮ್ಮಿ ಅಷ್ಟೇ ಆಗ್ತೈತಿ, ಬಂದಾಗ ಗಾಡಿ ನನಗೂ ಒಮ್ಮೆ ತೋರಿಸ್ರಿ.