ರಾತ್ರಿ ಎಐ ಜೊತೆ ಮನಸ್ಸಿನ ಮಾತು ಹೇಳಿಕೊಳ್ಳೋದು ತಪ್ಪಾ ಮೇಡಂ?

ಪ್ರಶ್ನೆ: ಮೇಡಂ, ನನಗೆ 23. ಬೆಂಗಳೂರಿನ ಪಿಜಿಯಲ್ಲಿದ್ದೇನೆ, ಮೊದಲ ಕೆಲಸ. ಆರು ತಿಂಗಳಿಂದ ನಿದ್ದೆ ಸರಿಯಿಲ್ಲ, ಸುಮ್ಸುಮ್ನೆ ಎದೆ ಡವಡವ ಅನ್ನುತ್ತದೆ. ರಾತ್ರಿ ಚಾಟ್‌ಜಿಪಿಟಿ ಹತ್ತಿರ ಎಲ್ಲ ಹೇಳಿಕೊಳ್ಳುತ್ತೇನೆ. ಒಮ್ಮೆ ಕೌನ್ಸೆಲರ್ ಹತ್ತಿರವೂ ಹೋಗಿದ್ದೆ. 1,500 ರೂಪಾಯಿ ತಗೊಂಡು, ಹತ್ತೇ ನಿಮಿಷಕ್ಕೆ "ಮದುವೆ ಆದರೆ ಎಲ್ಲ ಸರಿಹೋಗುತ್ತಮ್ಮ" ಅಂದರು. ಅದಕ್ಕಿಂತ ಇದೇ ವಾಸಿ ಅಲ್ವಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಆ ಮದುವೆ ಮಾತಿಗಿಂತ ವಾಸಿ, ಒಪ್ಪಿದೆ. ನನ್ನ ಹತ್ತಿರ ಬರುವ ನಿಮ್ಮ ವಯಸ್ಸಿನವರಲ್ಲಿ ಸುಮಾರು ಜನ ಮೊದಲು ಎಐಗೆ ಹೇಳಿಕೊಂಡೇ ಬಂದಿರುತ್ತಾರೆ. ಯಾಕೆ ಅಂದರೆ, "ಅದು ಮುಖ ಸಿಂಡರಿಸಲ್ಲ, ಅಮ್ಮನಿಗೆ ಹೇಳಲ್ಲ" ಅನ್ನುತ್ತಾರೆ.

ಇದು ಹೊಸದೇನಲ್ಲ. 1966ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ 'ಎಲೈಜಾ' ಅನ್ನುವ ಪ್ರೋಗ್ರಾಂನ ವಿವರ ಪ್ರಕಟಿಸಿದ್ದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದು ಅದರ ಕೆಲಸ. ಅವರ ಸೆಕ್ರೆಟರಿ ಅದರ ಜೊತೆ ನಾಲ್ಕು ಮಾತಾಡಿ, "ನೀವು ಸ್ವಲ್ಪ ಆಚೆ ಇರಿ" ಅಂದರಂತೆ! ಅದನ್ನು ತಯಾರು ಮಾಡುವುದನ್ನು ಆಕೆ ತಿಂಗಳುಗಟ್ಟಲೆ ನೋಡಿದ್ದರು.

ಉಪಯೋಗವೇ ಇಲ್ಲ ಅನ್ನಲಾರೆ. 2017ರಲ್ಲಿ 18ರಿಂದ 28 ವರ್ಷದ 70 ಜನರ ಮೇಲೆ ಪರೀಕ್ಷೆ ನಡೆಯಿತು. ಎರಡು ವಾರ 'ವೋಬಾಟ್' ಅನ್ನುವ ಚಾಟ್‌ಬಾಟ್ ಬಳಸಿದವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆಯಾಯಿತು. ಆದರೆ ಅದರ ಮಾತುಗಳನ್ನು ಮೊದಲೇ ಬರೆದಿಟ್ಟಿದ್ದರು. ನೀವು ಬಳಸುವುದು ಆ ಜಾತಿಯದಲ್ಲ.

ನನ್ನ ತಕರಾರು ಬೇರೆ. ನೀವು "ಇವತ್ತು ಆಫೀಸಿಗೆ ಹೋಗೋಕೆ ಭಯ" ಅಂದರೆ ಅದು "ಹಾಗಾದರೆ ವಿಶ್ರಾಂತಿ ತಗೊಳ್ಳಿ" ಅಂದೀತು. ಹಿತವಾಗಿರುತ್ತದೆ. ಆದರೆ ಆತಂಕದ ಗುಣವೇ ಹಾಗೆ, ತಪ್ಪಿಸಿಕೊಂಡಷ್ಟೂ ಕೊಬ್ಬುತ್ತದೆ. ಅತಿಯಾಗಿ ಹೌದಪ್ಪ ಅನ್ನುತ್ತಿದೆ ಅಂತ 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ ತನ್ನದೇ ಒಂದು ಅಪ್‌ಡೇಟನ್ನು ವಾಪಸ್ ತಗೊಂಡಿತು. ನಾನಾಗಿದ್ದರೆ "ಬಸ್‌ಸ್ಟಾಪ್‌ವರೆಗಾದರೂ ಹೋಗಿ ಬನ್ನಿ" ಅನ್ನುತ್ತಿದ್ದೆ. ನಿಮಗೆ ಸಿಟ್ಟು ಬರುತ್ತಿತ್ತು. ಮುಂದಿನ ವಾರ ಆ ಸಿಟ್ಟಿನ ಬಗ್ಗೆಯೇ ಮಾತಾಡುತ್ತಿದ್ದೆವು.

ಪ್ರಶ್ನೆ: ಬರೆದದ್ದು ಗುಟ್ಟಾಗಿ ಇರುತ್ತಾ ಮೇಡಂ?

ಉತ್ತರ: ನಮ್ಮನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕಟ್ಟಿಹಾಕಿದೆ. ಚಾಟ್‌ಗೆ ಅಂಥ ರಕ್ಷಣೆ ಇಲ್ಲ ಅಂತ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ ಹೇಳಿದ್ದಾರೆ. ಹೆಸರು, ಆಫೀಸಿನ ವಿಷಯ ಹಾಕಬೇಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಸಣ್ಣ ತಾಲ್ಲೂಕು. ಇಲ್ಲಿ ಸೈಕಾಲಜಿಸ್ಟೇ ಇಲ್ಲ. ಎಐ ಬಿಟ್ಟರೆ ಇನ್ನೇನಿದೆ?

ಉತ್ತರ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರಂತೂ ಚಾಟ್ ಮುಚ್ಚಿ ಈ ನಂಬರಿಗೆ ಫೋನ್ ಮಾಡಿ.

ಮೊದಲು ಕೇಳಿದವರಿಗೆ: ಎದೆ ಡವಡವಕ್ಕೆ ಒಮ್ಮೆ ಡಾಕ್ಟರಿಗೆ ತೋರಿಸಿ, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಬೋರ್ಡು ಯಾರು ಬೇಕಾದರೂ ಹಾಕುತ್ತಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ. ಆ ಚಾಟ್ ಅಳಿಸಬೇಡಿ. ಪದೇಪದೇ ಬರೆದ ಹತ್ತು ಸಾಲು ಆರಿಸಿ ಜೊತೆಗೆ ತಗೊಂಡು ಹೋಗಿ. ಮೊದಲ ದಿನ ಬಾಯಿ ಬರದಿದ್ದರೆ ಅದನ್ನೇ ಓದಿ.

ಪ್ರಶ್ನೆ: ಹತ್ತಲ್ಲ ಮೇಡಂ, ಒಂದೇ ಸಾಲು ನಲವತ್ತು ಸಲ ಇದೆ. ಈಗ ನೋಡಿದೆ.